ಧೂಳು ತೆಗೆದೆ, ಬಿಸಿ ಹೆಚ್ಚಾತು

1/3
ದೋಸ್ತರೇ, ಹೋದ ವಾರದ ರೀಲ್ಸ್ ನೆನಪೈತಿ ಅಲ್ಲ? ಹುಕ್ಕೇರಿಯೊಳಗ ಅಕ್ಕನ ಕಂಪ್ಯೂಟರ್ ಬಿಚ್ಚಿ, ಬ್ಲೋವರ್ ಹಿಡಿದು ಕರೀ ಮೋಡ ಎಬ್ಬಿಸಿದ್ದು? ನೀವೆಲ್ಲ ಭಾಳ ಹೊಗಳಿದ್ರಿ. ಅದು ಅರ್ಧ ಕತಿ. ಉಳಿದರ್ಧ ಹೇಳದಿದ್ರ ನನಗ ನಿದ್ದಿ ಬರಂಗಿಲ್ಲ.

ಅಕ್ಕ ಮನೆಯ ಮುಂದಿನ ಖೋಲಿಯಲ್ಲಿ ಲಗ್ನಪತ್ರಿಕೆ ಡಿಸೈನ್ ಮಾಡ್ತಾಳ. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ಹಳೇ ಐ3. ಏಪ್ರಿಲ್ ಹತ್ತಿದ ಮ್ಯಾಲ ತಾಸಿಗೊಮ್ಮೆ ತಾನಾಗೇ ಬಂದ್ ಆಗಾಕ ಶುರುವಾತು. ಮುಚ್ಚಳ ತೆಗೆದು ನೋಡಿದ್ರ (ಮೊದಲನೇ ಫೋಟೋ) ಪ್ರೊಸೆಸರ್ ಮೇಲಿನ ಫ್ಯಾನಿನ ಕೆಳಗೆ ಕಂಬಳಿ ನೇಯ್ದಂಗ ಧೂಳು. ನಮ್ಮ ಕಡೆ ಅದೇನು ಹೊಸದಲ್ಲ. ಚಳಿಗಾಲದಾಗ ಕಬ್ಬು ಕಡಿದ ಮ್ಯಾಲ ಹೊಲದಾಗ ರವದಿ ಸುಡ್ತಾರ, ಆ ಕರೀ ಬೂದಿ ಅಂಗಳಕ್ಕ, ಒಣಹಾಕಿದ ಬಟ್ಟಿ ಮ್ಯಾಲ, ಎಲ್ಲಾ ಕಡೆ ಬಂದು ಕೂಡ್ತೈತಿ. ಫ್ಯಾನ್ ಅದನ್ನ ಎಳಕೊಂಡು ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯೊಳಗ ತುರುಕತೈತಿ. ಗಾಳಿ ಆಡಾಕ ದಾರಿ ಇಲ್ಲ ಅಂದ್ರ ಬಿಸಿ ಎಲ್ಲಿಗೆ ಹೋಗಬೇಕು?

ಅಲ್ಲಿಗೇ ಬ್ಲೋವರ್ ಹೊಡೆದು ಮುಚ್ಚಿದ್ರ ಸಾಕಿತ್ತು. ಆದರೆ ನನಗೆ ರೀಲ್ಸ್ ಚಂದ ಬರಬೇಕಾಗಿತ್ತು. ನಾಕು ಪಿನ್ ತಿರುವಿ ಹೀಟ್‌ಸಿಂಕನ್ನೇ ಕಿತ್ತೆ. ಕೆಳಗೆ ಸುಣ್ಣದ ಹಕ್ಕಳಿಯಂಗ ಒಣಗಿದ ಬಿಳೀ ಪದಾರ್ಥ. ಕೊಳೆ ಅಂತ ತಿಳಿದು ಅದನ್ನೂ ಒರೆಸಿ, ಫಳಫಳ ಹೊಳೆಯುವಂಗ ಮಾಡಿ, ಹಂಗೇ ವಾಪಸ್ ಕೂಡಿಸಿದೆ. ಕ್ಯಾಮೆರಾ ನೋಡಿ ಹಲ್ಲು ಬ್ಯಾರೆ ಕಿಸಿದೆ.

2/3
ಸೋಮವಾರ ಗೋಕಾಕಕ್ಕ ಬಂದು ಕ್ಲಾಸಿಗೆ ಕೂತಿದ್ದೆ. ಅಕ್ಕನ ಫೋನ್. "ಮೊದಲ ತಾಸಿಗೊಮ್ಮೆ ಬಂದ್ ಆಕ್ಕಿತ್ತು, ಈಗ ಐದ ನಿಮಿಷಕ್ಕ ಆಗಾಕತ್ತೈತಿ. ಫ್ಯಾನ್ ವಿಮಾನದಂಗ ಒದರತೈತಿ. ಕರೆಂಟ್ ಹೆಚ್ಚುಕಮ್ಮಿ ಬರಾಕತ್ತೈತಿ ಏನೋ?"

ನಾ ಅಂದೆ, "ಹೌದು, ಕರೆಂಟಿಂದೇ ಇರಬೇಕು."

ಹೇಳಿದ ಕ್ಷಣಕ್ಕೇ ಗೊತ್ತಾಗಿತ್ತು, ಅದು ಕರೆಂಟಿನ ತಪ್ಪಲ್ಲ, ನನ್ನ ಕೈ ತಪ್ಪು. ಆದರೂ ಬಾಯಿ ಬಿಡಲಿಲ್ಲ. ಅಕ್ಷಯ ತದಿಗಿಯ ಎರಡು ಮದುವೆ ಪತ್ರಿಕೆ ಅವಳ ಕೈಯಾಗಿದ್ವು. ಬುಧವಾರ ಮತ್ತ ಫೋನ್: ಸಾಲ ಮಾಡಿ 1,800 ರೂಪಾಯಿ ಕೊಟ್ಟು ಸ್ಟೆಬಿಲೈಜರ್ ತಂದಿದ್ಲು. ಅದನ್ನ ಹಚ್ಚಿದ ಮ್ಯಾಲೂ ಐದೇ ನಿಮಿಷ.

ಆ ಮಧ್ಯಾಹ್ನ ಕ್ಲಾಸ್ ಬಿಟ್ಟು ಮೂಡಲಗಿ ಬಸ್ ಹತ್ತಿದೆ. ಅಲ್ಲಿ ಪರಿಚಯದ ರಿಪೇರಿ ಕಾಕಾ ಒಬ್ಬರು ಅದಾರ. ರೀಲ್ಸ್ ತೋರಿಸಿದೆ. ಪೂರ್ತಿ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಪೇಸ್ಟ್ ಯಾವುದು ಹಚ್ಚಿದಿ?"

ನಾ ಸುಮ್ಮನಾದೆ.

ಅವರು ಬೈಲಿಲ್ಲ, ಪಾಠ ಮಾಡಿದ್ರು. ಪ್ರೊಸೆಸರಿನ ಮೇಲ್ಮೈ, ಹೀಟ್‌ಸಿಂಕಿನ ತಳ ಎರಡೂ ಕಣ್ಣಿಗೆ ನುಣುಪು. ಹತ್ತಿರದಿಂದ ನೋಡಿದ್ರ ಏರು ತಗ್ಗು. ಒಂದರ ಮ್ಯಾಲೊಂದು ಇಟ್ಟಾಗ ಅಲ್ಲಲ್ಲಿ ಮಾತ್ರ ತಾಗತಾವ, ಉಳಿದ ಸಂದಿಯಲ್ಲೆಲ್ಲ ಗಾಳಿ. ಶಾಖ ಹರಿಸುವ ಲೆಕ್ಕದಾಗ ಅಲ್ಯೂಮಿನಿಯಂ 200ರ ಮ್ಯಾಲ, ಗಾಳಿ ಬರೀ 0.026. ಸಾಧಾರಣ ಥರ್ಮಲ್ ಪೇಸ್ಟ್ 4ರಿಂದ 8. ಲೋಹದ ಮುಂದ ಪೇಸ್ಟ್ ಏನೂ ಅಲ್ಲ, ಗಾಳಿಯ ಮುಂದ ಮಾತ್ರ ದೊಡ್ಡ ದೊರೆ. ಹಂಚಿನ ಮ್ಯಾಲ ರೊಟ್ಟಿ ಎಲ್ಲಿ ಎದ್ದು ನಿಂತಿರತೈತಿ, ಅಲ್ಲಿ ಸರಿ ಬೇಯೂದಿಲ್ಲ ನೋಡ್ರಿ, ಅದೇ ಕತಿ. ನಾನು ಒರೆಸಿದ "ಕೊಳೆ" ಒಣಗಿದ್ದರೂ ಅಷ್ಟಿಷ್ಟು ಕೆಲಸ ಮಾಡ್ತಿತ್ತು. ಹಂಗಾಗೇ ಮೊದಲು ಒಂದು ತಾಸು ನಡೀತಿತ್ತು.

3/3
ಶುಕ್ರವಾರ ಹುಕ್ಕೇರಿ. ಆನ್ ಮಾಡಿ ನೇರ ಬಯಾಸ್‌ಗೆ ಹೋದೆ: 71, 84, 93... ಕಣ್ಣೆದುರೇ ಏರಾಕತ್ತಿತ್ತು. ಇಂಥ ಚಿಪ್‌ಗಳು 100ರ ಹತ್ತಿರ ಬಂದ್ರ ತಾವೇ ವೇಗ ಇಳಿಸಿಕೊಳ್ತಾವ, ಅದಕ್ಕೂ ಬಗ್ಗದಿದ್ರ ಸುಟ್ಟು ಹೋಗಬಾರದು ಅಂತ ಯಂತ್ರನೇ ಬಂದ್ ಆಗತೈತಿ.

ಬಂದ್ ಮಾಡಿ, ವೈರ್ ಕಿತ್ತು, ಆರಾಕ ಬಿಟ್ಟು, ಮತ್ತ ಬಿಚ್ಚಿದೆ. ನೋಡಿದ್ರ ಇನ್ನೊಂದು ಅನಾಹುತ (ನಾಕನೇ ಫೋಟೋ). ನಾಕರಾಗ ಒಂದು ಪಿನ್ ಬೋರ್ಡಿನ ತೂತಿನಾಗ ಇಳಿದೇ ಇಲ್ಲ, ಹೀಟ್‌ಸಿಂಕ್ ಒಂದು ಮೂಲೆಗೆ ಎದ್ದು ನಿಂತಿತ್ತು. ಪಿನ್ ತಲೆ ಮೇಲಿನ ಬಾಣದ ಗುರುತು ಬಿಚ್ಚುವ ದಿಕ್ಕು. ನಾನು ಅದನ್ನೇ ಬಿಗಿ ಮಾಡೂದು ಅಂತ ತಿಳಿದಿದ್ದೆ.

ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎರಡೂ ಕಡೆ ಒರೆಸಿ, ನಡುವೆ ಜ್ವಾಳದ ಕಾಳಿಗಿಂತ ತುಸು ದೊಡ್ಡದು ಪೇಸ್ಟ್ ಇಟ್ಟೆ. ಹೋಳಿಗಿಗೆ ತುಪ್ಪ ಸುರಿದಂಗ ಸುರೀಬ್ಯಾಡ್ರಿ, ದಪ್ಪ ಆದ್ರ ಅದೇ ಅಡ್ಡಿ. ಪಿನ್‌ಗಳನ್ನ ಎದುರುಬದುರು ಮೂಲೆಗೆ ಒತ್ತಬೇಕು, ಟಕ್ ಅನ್ನೋತನಕ. (ಟೂತ್‌ಪೇಸ್ಟ್ ಹಚ್ಚುವ ರೀಲ್ಸ್ ಕಳಿಸ್ತೀರಲ್ಲ, ಸಾಕು ಮಾಡ್ರಿ. ಕೆಲವು ದಿನಕ್ಕ ಒಣಗಿ ಮತ್ತ ಅದೇ ಗೋಳು.) ಬ್ಲೋವರ್ ಹೊಡಿಯುವಾಗ ಫ್ಯಾನ್ ಬೆರಳಿಂದ ಹಿಡಕೋರಿ, ಗಿರಗಿರ ತಿರುಗಾಕ ಬಿಟ್ರ ಬೇರಿಂಗ್ ಹಾಳಾಗತೈತಿ.

ಮೂರು ಪಿನ್ ಒತ್ತಿ ನಿಂತೆ. ಅಕ್ಕ ಚಹಾ ತಂದಿದ್ಲು. "ಅಕ್ಕಾ, ಸ್ಟೆಬಿಲೈಜರ್ ಬೇಕಾಗಿರಲಿಲ್ಲ" ಅಂದೆ. ಎಲ್ಲಾ ಹೇಳಿದೆ, ಫೋನಿನಾಗ "ಹೌದು" ಅಂದಿದ್ದನ್ನೂ ಸೇರಿಸಿ. ಆಕಿ ಕಪ್ಪು ಕೆಳಗಿಟ್ಟು, ಬಂದು, ನಾಕನೇ ಪಿನ್ ತಾನೇ ಒತ್ತಿದ್ಲು. ಟಕ್. "ಗೊತ್ತಾಗಿದ್ದು ಸೋಮವಾರ, ಹೇಳಿದ್ದು ಶುಕ್ರವಾರ" ಅಂದ್ಲು. ಅಷ್ಟೇ. ಬೈದಿದ್ರ ಚಲೋ ಇತ್ತು.

ಖೋಲಿಯೊಳಗ 36 ಡಿಗ್ರಿ ಸೆಕೆ. ಪ್ರೊಸೆಸರ್ ಸುಮ್ಮನಿದ್ದಾಗ 44, ಡಿಸೈನ್ ತೆರೆದಾಗ 63. ರಾತ್ರಿ ಹನ್ನೊಂದರತನಕ ಒಮ್ಮೆಯೂ ಬಂದ್ ಆಗಲಿಲ್ಲ. ಒಂದು ಮದುವೆಯವರು ಆಗಲೇ ಬ್ಯಾರೆ ಕಡೆ ಹೋಗಿದ್ರು, ಇನ್ನೊಂದರ ಪತ್ರಿಕೆ ಮುಗೀತು. ಸ್ಟೆಬಿಲೈಜರ್ ರೊಕ್ಕ ನನ್ನ ಪಾಕೆಟ್ ಮನಿಯಿಂದ ತಿಂಗಳಿಗೆ 300ರಂಗ ಕೊಡಾಕತ್ತೀನಿ.

ಉಳಿದ ಪೇಸ್ಟಿನ ಟ್ಯೂಬು ಅಕ್ಕನ ಡ್ರಾವರಿನಾಗ ಐತಿ (ಕೊನೇ ಫೋಟೋ). ಲಗ್ನಪತ್ರಿಕೆಯ ತುಂಡಿನ ಮ್ಯಾಲ ಕೈಲೆ ಬರೆದು ಅಂಟಿಸ್ಯಾಳ: "ಜ್ವಾಳದ ಕಾಳಿನಷ್ಟ. ತಮ್ಮನ ಕೈಗೆ ಕೊಡಬಾರದು."

#ಗೋಕಾಕ #ಮೂಡಲಗಿ #ಹುಕ್ಕೇರಿ