ಹುದಿಕೇರಿಯಿಂದ ರೈಲುಹಳಿಯವರೆಗೆ

ಕರ್ನಾಟಕದ ಭೂಪಟವನ್ನು ಬಿಡಿಸಿ ರೈಲುಹಾದಿಯ ಗೆರೆಗಳ ಮೇಲೆ ಬೆರಳಾಡಿಸುತ್ತ ಹೋದರೆ, ಕೊಡಗಿನ ಅಂಚಿಗೆ ಬಂದೊಡನೆ ಬೆರಳು ನಿಂತುಬಿಡುತ್ತದೆ. ಉತ್ತರಕ್ಕೆ ಸಕಲೇಶಪುರದ ಘಟ್ಟ, ಪೂರ್ವಕ್ಕೆ ಮೈಸೂರು, ಪಶ್ಚಿಮಕ್ಕೆ ಕೇರಳದ ಕರಾವಳಿ. ಈ ಮೂರೂ ಕಡೆ ರೈಲು ಓಡುತ್ತದೆ. ನಡುವಣ ಕೊಡಗಿನಲ್ಲಿ ಮಾತ್ರ ಹಳಿಯಿಲ್ಲ. ಆ ಜಿಲ್ಲೆಯ ದಕ್ಷಿಣ ಭಾಗದಲ್ಲಿ, ಪೊನ್ನಂಪೇಟೆಯಿಂದ ಶ್ರೀಮಂಗಲ, ಕುಟ್ಟಗಳತ್ತ ಸಾಗುವ ದಾರಿಯಲ್ಲಿರುವ ಊರು ಹುದಿಕೇರಿ. ಒಂದು ಕಡೆ ಕಾಫಿಯ ತೋಟ, ತಗ್ಗಿನಲ್ಲಿ ಗದ್ದೆಯ ಬಯಲು, ದಕ್ಷಿಣದಲ್ಲಿ ಮೋಡ ಹೊದ್ದ ಬ್ರಹ್ಮಗಿರಿ. ಇಂಥ ಊರಿನಲ್ಲಿ ನಿಂತು ರೈಲಿನ ನಿಲ್ದಾಣಗಳ ಅಂತರವನ್ನೂ ಅದರ ವೇಗದ ಮಿತಿಯನ್ನೂ ಕುರಿತು ಮಾತನಾಡುವುದು ವಿಚಿತ್ರವೆಂದು ವಾಚಕರಿಗೆ ತೋರಬಹುದು. ಆದರೆ ಹುದಿಕೇರಿಯ ಅನೇಕ ಮನೆಗಳ ಮಕ್ಕಳು ಇಂದು ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಬೆಂಗಳೂರು, ಮೈಸೂರುಗಳಲ್ಲಿ ನೆಲೆಸಿದ್ದಾರೆ. ದೊಡ್ಡ ಆಸ್ಪತ್ರೆಯೆಂದರೂ ಅತ್ತಲೇ ಮುಖ ಮಾಡಬೇಕು. ಆದುದರಿಂದ ಹಳಿಯಿಲ್ಲದ ಊರಿನವರ ಬಾಳಿನಲ್ಲಿಯೂ ರೈಲಿನ ಲೆಕ್ಕ ಸೇರಿಕೊಂಡಿದೆ.

ದೂರವನ್ನು ಅಳೆಯುವ ಕೆಲಸ ಈ ನಾಡಿಗೆ ಹೊಸದಲ್ಲ. ಕೊಡಗನ್ನಾಳಿದ ಹಾಲೇರಿ ಅರಸರು ವೀರಶೈವ ಮತಾವಲಂಬಿಗಳಾಗಿದ್ದರೆಂಬುದು ನಮ್ಮ ವಾಚಕರಿಗೆ ತಿಳಿದ ಸಂಗತಿಯೇ. ಆ ವಂಶದ ದೊಡ್ಡವೀರರಾಜೇಂದ್ರನು 1792ರಲ್ಲಿ ಕಟ್ಟಿಸಿದ ವೀರರಾಜೇಂದ್ರಪೇಟೆಯೇ ಇಂದಿನ ವಿರಾಜಪೇಟೆ. ಅವನ ತಮ್ಮ ಲಿಂಗರಾಜೇಂದ್ರನು ಭೂಮಿಯನ್ನು ಅಳೆಯಿಸಿ ಕಂದಾಯವನ್ನು ನಿಗದಿಗೊಳಿಸಿದ ವ್ಯವಸ್ಥೆ 'ಲಿಂಗರಾಜನ ಶಿಸ್ತು' ಎಂದು ಹೆಸರಾಯಿತು. ಅಂದಿನ ಪಯಣಿಗರು ದಾರಿಯನ್ನು ಹರದಾರಿಯಲ್ಲಿ ಎಣಿಸುತ್ತಿದ್ದರು; ಒಂದು ಹರದಾರಿಯೆಂದರೆ ಸುಮಾರು ಮೂರು ಮೈಲಿ. ಬಳಿಕ ಮೈಲಿಗಲ್ಲು ಬಂದಿತು, ಆಮೇಲೆ ಕಿಲೋಮೀಟರ್ ಕಲ್ಲು ಬಂದಿತು. ಇಂದು ಹುದಿಕೇರಿಯಲ್ಲಿ ಯಾರನ್ನು ಕೇಳಿದರೂ ಅವರು ಕಲ್ಲಿನ ಲೆಕ್ಕ ಹೇಳುವುದಿಲ್ಲ, ಗಂಟೆಯ ಲೆಕ್ಕ ಹೇಳುತ್ತಾರೆ. "ಮೈಸೂರಾ? ಮೂರು ಗಂಟೆ ಬೇಕು, ಮಳೆಗಾಲವಾದರೆ ಇನ್ನೂ ಸ್ವಲ್ಪ" ಎಂಬುದೇ ಅವರ ಉತ್ತರ.

ಆ ಮೂರು ಗಂಟೆಯ ದಾರಿಯನ್ನು ನಾವು ಬಸ್ಸಿನಲ್ಲಿ ಕ್ರಮಿಸಿದೆವು. ಹುದಿಕೇರಿಯಿಂದ ಪೊನ್ನಂಪೇಟೆ, ಗೋಣಿಕೊಪ್ಪಲು, ತಿತಿಮತಿ. ಅಲ್ಲಿಂದ ಮುಂದೆ ನಾಗರಹೊಳೆಯ ಕಾಡಿನ ಅಂಚು, ಆನೆಚೌಕೂರು. ಅನಂತರ ಹುಣಸೂರಿನ ಬಯಲು, ಕೊನೆಗೆ ಮೈಸೂರು. ಒಟ್ಟು ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ತೋಟಗಳ ನಡುವೆ ತಿರುವುಗಳು ವಾಹನದ ವೇಗವನ್ನು ತಗ್ಗಿಸಿದರೆ, ಕಾಡಿನಲ್ಲಿ ರಸ್ತೆಯುಬ್ಬುಗಳು ಆ ಕೆಲಸ ಮಾಡುತ್ತವೆ. ಅಲ್ಲಿ ದಾರಿ ದಾಟುವ ಆನೆಗೆ ಮೊದಲ ಹಕ್ಕು, ಬಸ್ಸಿಗೆ ಎರಡನೆಯದು. ಬ್ರಹ್ಮಗಿರಿಯಲ್ಲಿ ಹುಟ್ಟುವ ಲಕ್ಷ್ಮಣತೀರ್ಥ ನದಿಯೂ ಹೀಗೆಯೇ ಹುಣಸೂರಿನ ಕಡೆಗೆ ಹರಿದು, ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಮೈಸೂರಿನಿಂದ ಬೆಂಗಳೂರಿಗೆ ಹೊರಡುವ ರೈಲು ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಎರಡು ಕವಲುಗಳನ್ನು ದಾಟುವಾಗ, ಸೇತುವೆಯ ಕೆಳಗೆ ಹರಿಯುವ ನೀರಿನಲ್ಲಿ ಹುದಿಕೇರಿ ಸೀಮೆಯ ಮಳೆಯ ಪಾಲೂ ಇರುತ್ತದೆ.

ಮೈಸೂರು–ಬೆಂಗಳೂರು ರೈಲುಹಾದಿಗೆ ಒಂದೂವರೆ ಶತಮಾನಕ್ಕೆ ಸಮೀಪದ ಚರಿತ್ರೆಯಿದೆ. 1876–78ರ ಭೀಕರ ಕ್ಷಾಮದ ಹಿನ್ನೆಲೆಯಲ್ಲಿ ಮೈಸೂರು ಸಂಸ್ಥಾನ ಕೈಗೊಂಡ ಈ ಮೀಟರ್ ಗೇಜ್ ಹಾದಿ 1882ರಲ್ಲಿ ಮೈಸೂರನ್ನು ಮುಟ್ಟಿತು. 1990ರ ದಶಕದ ಆರಂಭದಲ್ಲಿ ಅದು ಬ್ರಾಡ್ ಗೇಜ್ ಆಯಿತು. 1994ರಲ್ಲಿ ಶತಾಬ್ದಿ ಎಕ್ಸ್‌ಪ್ರೆಸ್, 2022ರ ನವೆಂಬರಿನಲ್ಲಿ ವಂದೇ ಭಾರತ್ ಎಕ್ಸ್‌ಪ್ರೆಸ್ ಇದರ ಮೇಲೆ ಓಡತೊಡಗಿದವು. ಜೋಡಿಹಳಿಯ ಕಾಮಗಾರಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆ ಅಡ್ಡವಾಗಿತ್ತು. ಅದನ್ನು ಕೆಡವದೆ 2017ರಲ್ಲಿ ಇಡಿಯಾಗಿ ಎತ್ತಿ, ಸುಮಾರು ನೂರು ಮೀಟರ್ ದೂರಕ್ಕೆ ಸರಿಸಿದರು. ಒಂದು ಹಳೆಯ ಕಟ್ಟಡಕ್ಕಾಗಿ ಹಳಿ ಕಾಯಿತು ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈ ಹಾದಿಯ ಉದ್ದ ಸುಮಾರು 139 ಕಿಲೋಮೀಟರ್. ಇದನ್ನು ಮೂರು ಪಾಲು ಮಾಡಿದರೆ ನೆನಪಿಡುವುದು ಸುಲಭ: ಮೈಸೂರಿನಿಂದ ಮಂಡ್ಯ ಒಂದು ಪಾಲು, ಮಂಡ್ಯದಿಂದ ರಾಮನಗರ ಇನ್ನೊಂದು, ರಾಮನಗರದಿಂದ ಬೆಂಗಳೂರು ಮತ್ತೊಂದು; ಮೂರೂ ಹೆಚ್ಚುಕಡಮೆ ಸಮ. ನಡುವೆ ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಬ್ಯಾಡರಹಳ್ಳಿ, ಯಲಿಯೂರು, ಹನಕೆರೆ, ಮದ್ದೂರು, ಶೆಟ್ಟಿಹಳ್ಳಿ, ಚನ್ನಪಟ್ಟಣ, ಬಿಡದಿ, ಹೆಜ್ಜಾಲ, ಕೆಂಗೇರಿ ಮುಂತಾಗಿ ಚಿಕ್ಕವೂ ದೊಡ್ಡವೂ ಸೇರಿ ಇಪ್ಪತ್ತರಷ್ಟು ನಿಲ್ದಾಣಗಳು ಬರುತ್ತವೆ. ಅಂದರೆ ಸರಾಸರಿ ಆರೂವರೆ ಕಿಲೋಮೀಟರಿಗೆ ಒಂದು ನಿಲ್ದಾಣ. ಪ್ರತಿದಿನ ಮಂಡ್ಯ, ಮದ್ದೂರು, ಚನ್ನಪಟ್ಟಣಗಳಿಂದ ಸೀಸನ್ ಟಿಕೆಟ್ಟು ಹಿಡಿದು ಬೆಂಗಳೂರಿಗೂ ಮೈಸೂರಿಗೂ ದುಡಿಯಲು ಹೋಗಿಬರುವವರಿಗೆ ಈ ಹೆಸರುಗಳು ಜಪಮಾಲೆಯ ಮಣಿಗಳಿದ್ದಂತೆ. ಕಣ್ಣು ಮುಚ್ಚಿಕೊಂಡೇ ಎಣಿಸಬಲ್ಲರು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ರೈಲು ಎಲ್ಲಿಯೂ ನಿಲ್ಲದೆ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡಿದರೆ 139 ಕಿಲೋಮೀಟರಿಗೆ 1 ಗಂಟೆ 23 ನಿಮಿಷ ಸಾಕು. ಅದೇ ರೈಲು ಇಪ್ಪತ್ತು ಕಡೆ ನಿಲ್ಲಬೇಕೆನ್ನಿ. ವೇಗ ತಗ್ಗಿಸಿ ನಿಲ್ಲುವುದಕ್ಕೆ, ಜನ ಹತ್ತಿ ಇಳಿಯುವುದಕ್ಕೆ, ಮತ್ತೆ ವೇಗ ಪಡೆಯುವುದಕ್ಕೆ ಒಟ್ಟು ಮೂರು ನಿಮಿಷ ಕಳೆಯಿತೆಂದು ಇಟ್ಟುಕೊಂಡರೂ ಪೂರ್ತಿ ಒಂದು ಗಂಟೆ ಹೆಚ್ಚಾಯಿತು. ಈಗ ವೇಗದ ಮಿತಿಯನ್ನು 130ಕ್ಕೆ ಏರಿಸಿದರೆ ನಿಲ್ಲದೆ ಓಡುವ ರೈಲಿಗೆ 19 ನಿಮಿಷ ಉಳಿಯುತ್ತದೆ. ನಿಂತು ನಿಂತು ಸಾಗುವ ರೈಲಿಗೆ ಅಷ್ಟು ಲಾಭವಿಲ್ಲ; ಅದು ಆ ವೇಗವನ್ನು ಮುಟ್ಟುವಷ್ಟರಲ್ಲಿ ಮುಂದಿನ ನಿಲ್ದಾಣ ಎದುರಾಗುತ್ತದೆ. ಅದರ ಬದಲು ಪ್ರತಿ ನಿಲ್ದಾಣದಲ್ಲಿ ಅರ್ಧ ನಿಮಿಷ ಉಳಿಸಿದರೆ ಹತ್ತು ನಿಮಿಷ ಕೈಗೆ ಬರುತ್ತದೆ. ಒಂದೇ ಎಂಜಿನ್ ಎಳೆಯುವ ಗಾಡಿಗಿಂತ, ಹಲವು ಬೋಗಿಗಳಲ್ಲಿ ಮೋಟಾರು ಹಂಚಿಟ್ಟ ಮೆಮು ಗಾಡಿಗಳು ನಿತ್ಯದ ಪಯಣಿಗರಿಗೆ ಹೆಚ್ಚು ಹೊಂದುವುದು ಇದೇ ಕಾರಣಕ್ಕೆ: ಅವು ಬೇಗನೆ ವೇಗ ಪಡೆಯುತ್ತವೆ.

ಇನ್ನು ವೇಗದ ಮಿತಿಯ ವಿಷಯ. ಹಳಿಯ ಪಕ್ಕದಲ್ಲಿ ಹಳದಿ ಬಣ್ಣದ ಫಲಕಗಳನ್ನು ನೋಡಿರದವರು ವಿರಳ. ಮುಂದೆ ತಿರುವಿದೆ, ಸೇತುವೆಯಿದೆ, ಹಳಿಯ ದುರಸ್ತಿ ನಡೆದಿದೆ, ಇಂತಿಷ್ಟೇ ವೇಗದಲ್ಲಿ ಹೋಗು ಎಂದು ಅವು ಚಾಲಕನಿಗೆ ತಿಳಿಸುತ್ತವೆ. ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ತುಸು ಎತ್ತರಿಸಿರುತ್ತಾರೆ. ಆದರೂ ತಿರುವು ಬಿಗಿಯಾದಷ್ಟೂ ವೇಗ ಇಳಿಯಲೇಬೇಕು. ತಾತ್ಕಾಲಿಕ ನಿರ್ಬಂಧಗಳಿದ್ದರೆ ಚಾಲಕನ ಕೈಗೆ 'ಕಾಷನ್ ಆರ್ಡರ್' ಎಂಬ ಲಿಖಿತ ಎಚ್ಚರಿಕೆಯನ್ನು ಮೊದಲೇ ಕೊಟ್ಟಿರುತ್ತಾರೆ. ನೇರವಾದ ಹಾದಿ ಎಷ್ಟೇ ಇರಲಿ, ಒಂದು ತುಣುಕು ದುರ್ಬಲವಾಗಿದ್ದರೆ ಇಡೀ ಗಾಡಿ ಆ ತುಣುಕಿನ ಮರ್ಜಿಗೆ ತಲೆಬಾಗಬೇಕು. ಇದರಲ್ಲಿ ನಮಗೆ ಬಹಳ ಹಿಡಿಸಿದ ನಿಯಮ ಒಂದಿದೆ. ಎಂಜಿನ್ ಅಪಾಯದ ಸ್ಥಳವನ್ನು ದಾಟಿತೆಂದು ಚಾಲಕ ಕೂಡಲೇ ವೇಗ ಹೆಚ್ಚಿಸುವಂತಿಲ್ಲ. ಗಾಡಿಯ ಕೊನೆಯ ಬೋಗಿಯೂ ಆ ಸ್ಥಳವನ್ನು ದಾಟಬೇಕು. ನಿರ್ಬಂಧ ಮುಗಿಯಿತೆಂದು ಸಾರುವ ಫಲಕವನ್ನು ಗಾಡಿಯ ಉದ್ದ ಲೆಕ್ಕ ಹಾಕಿಯೇ ಮುಂದೆ ನೆಟ್ಟಿರುತ್ತಾರೆ. ಮುಂದಿರುವವನು ಹಿಂದಿರುವವನಿಗಾಗಿ ತಾಳಬೇಕೆಂಬ ಈ ನೇಮ, ಶರಣರ ದಾರಿಯಲ್ಲಿ ನಡೆವ ನಮಗೆ ಅಪರಿಚಿತವೇನಲ್ಲ.

ಬಯಲಿನ ಹಾದಿಯ ಮಾತಾಯಿತು. ಬೆಟ್ಟದಲ್ಲಿ ಈ ನೇಮ ಇನ್ನೂ ಕಠಿಣವಾಗುತ್ತದೆ ಎಂಬುದಕ್ಕೆ ಕೊಡಗಿನ ಉತ್ತರಕ್ಕಿರುವ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹಾದಿಯೇ ಸಾಕ್ಷಿ. ಸುಮಾರು 55 ಕಿಲೋಮೀಟರಿನ ಆ ಹಾದಿಯಲ್ಲಿ 57 ಸುರಂಗಗಳಿವೆ. ಏರು 50ಕ್ಕೆ 1. ಅಂದರೆ ಐವತ್ತು ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಏರಬೇಕು. ಗಾಡಿಗೆ ಹೆಚ್ಚುವರಿ ಎಂಜಿನ್‌ಗಳ ಆಸರೆ ಬೇಕು. ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್. ಎಡಕುಮೇರಿ, ಶಿರಿಬಾಗಿಲು ಮುಂತಾದ ನಿಲ್ದಾಣಗಳಲ್ಲಿ ಇಳಿದರೆ ಕಾಡಲ್ಲದೆ ಮತ್ತೇನೂ ಕಾಣದು. 2018ರ ಆಗಸ್ಟಿನ ಮಳೆಯಲ್ಲಿ ಗುಡ್ಡಗಳು ಕುಸಿದು ಅಲ್ಲಿ ಸಂಚಾರ ವಾರಗಟ್ಟಲೆ ನಿಂತಿತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ಮತ್ತೆ ರೈಲುಗಳು ನಿಂತವು. ಅದೇ ವಾರದಲ್ಲಿ, ಬ್ರಹ್ಮಗಿರಿಯ ಆಚೆಗಿನ ವಯನಾಡಿನಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಅಸುನೀಗಿದರು. 2018ರಲ್ಲಿ ಮಡಿಕೇರಿ ಸೀಮೆಯೂ, 2019ರಲ್ಲಿ ವಿರಾಜಪೇಟೆ ಬಳಿಯ ತೋರವೂ ಕಂಡ ದುಃಖ ಇಂಥದೇ.

ಈ ಹಿನ್ನೆಲೆಯಲ್ಲಿಯೇ ಕೊಡಗಿನ ರೈಲಿನ ಪ್ರಶ್ನೆಯನ್ನು ನೋಡಬೇಕು. ಮೈಸೂರಿನಿಂದ ಕುಶಾಲನಗರಕ್ಕೆ 87 ಕಿಲೋಮೀಟರಿನ ಹಾದಿಯ ಯೋಜನೆಯೊಂದಿದೆ. ಅದು ಬಹುಪಾಲು ಬಯಲಿನಲ್ಲಿಯೇ ಸಾಗಿ ಕೊಡಗಿನ ಹೊಸ್ತಿಲಲ್ಲಿ ನಿಲ್ಲುತ್ತದೆ. ಇನ್ನೊಂದು, ಮೈಸೂರಿನಿಂದ ಕೇರಳದ ತಲಶ್ಶೇರಿಗೆ ಹಳಿ ಹಾಕಬೇಕೆಂಬ ಹಳೆಯ ಬೇಡಿಕೆ. ಅದು ದಕ್ಷಿಣ ಕೊಡಗಿನ ಕಾಡು, ತೋಟಗಳನ್ನು ಸೀಳಿ ಹೋದೀತೆಂಬ ಆತಂಕದಿಂದ ಇಲ್ಲಿನ ಜನ ಪ್ರತಿಭಟಿಸಿದ್ದಾರೆ. ಹುದಿಕೇರಿಯಲ್ಲಿ ನಾವು ಮಾತನಾಡಿಸಿದವರಲ್ಲಿ ಎರಡು ಅಭಿಪ್ರಾಯಗಳಿದ್ದವು. "ಮಗ ಬೆಂಗಳೂರಲ್ಲಿ, ಸೊಸೆಯೂ ಅಲ್ಲಿಯೇ. ವಯಸ್ಸಾದ ನಾವು ರೈಲಿದ್ದರೆ ವರ್ಷಕ್ಕೆ ನಾಲ್ಕು ಸಲವಾದರೂ ಹೋಗಿ ಮೊಮ್ಮಕ್ಕಳನ್ನು ನೋಡಿಬರುತ್ತಿದ್ದೆವು" ಎಂದು ಹಿರಿಯರೊಬ್ಬರು ನೊಂದು ನುಡಿದರು. ಪಕ್ಕದಲ್ಲಿದ್ದ ಅವರ ಮಡದಿ, "ರೈಲು ಬಂದು ಗುಡ್ಡ ಹೋದರೆ ಅವರು ಬರುವುದಕ್ಕೆ ಮನೆಯಾದರೂ ಎಲ್ಲಿರುತ್ತದೆ?" ಎಂದು ಮೆಲ್ಲಗೆ ಕೇಳಿದರು. ಇಬ್ಬರ ಮಾತಿನಲ್ಲಿಯೂ ಇದ್ದುದು ಮಕ್ಕಳ ಮೇಲಣ ಮಮತೆಯೇ.

ನಮಗೆ ತೋರುವುದಿಷ್ಟು. ಹಾದಿಯ ವೇಗವನ್ನು ಅದರ ದುರ್ಬಲ ತುಣುಕು ನಿರ್ಧರಿಸುವಂತೆ, ಒಂದು ಯೋಜನೆಯ ಯೋಗ್ಯತೆಯನ್ನು ಅದು ಹಾಯ್ದುಹೋಗುವ ದುರ್ಬಲ ನೆಲ ನಿರ್ಧರಿಸಬೇಕು. ಬಯಲಿನ ಮದ್ದಿನಮನೆಗಾಗಿ ಹಳಿ ಕಾಯಬಹುದಾದರೆ, ಎತ್ತಿ ಬೇರೆಡೆ ಇರಿಸಲಾಗದ ಬೆಟ್ಟಕ್ಕಾಗಿ ಇನ್ನೂ ಹೆಚ್ಚು ಕಾಲ ಕಾಯಬೇಡವೆ? ಹಾಗೆಂದು ಹುದಿಕೇರಿಯ ವೃದ್ಧರಿಗೂ ರೋಗಿಗಳಿಗೂ ತಾಳ್ಮೆಯ ಉಪದೇಶ ಮಾಡಿ ಸುಮ್ಮನಾಗುವುದು ನ್ಯಾಯವಲ್ಲ. ಕುಶಾಲನಗರಕ್ಕೆ ರೈಲು ಬಂದರೂ, ಜಿಲ್ಲೆಯ ಈ ತುದಿಯವರಿಗೆ ಅಲ್ಲಿಗೆ ಸುತ್ತಿ ಹೋಗುವುದಕ್ಕಿಂತ ನೇರ ಮೈಸೂರಿಗೆ ಹೋಗುವುದೇ ಅನೇಕ ಸಲ ಸುಲಭವಾದೀತು. ಆದುದರಿಂದ ಬೆಟ್ಟ ಕಡಿಯದೆ ಇಂದೇ ಮಾಡಬಹುದಾದ ಕೆಲಸಗಳಿವೆ: ಮೈಸೂರಿನ ರೈಲುಗಳ ವೇಳೆಗೆ ಹೊಂದುವ ಬಸ್ಸುಗಳು, ಆ ಬಸ್ಸು ರೈಲು ನಿಲ್ದಾಣದ ಬಾಗಿಲಿಗೇ ಹೋಗುವ ಏರ್ಪಾಡು, ಮಳೆಗಾಲಕ್ಕೆ ಮುಂಚೆ ರಸ್ತೆಯ ದುರಸ್ತಿ, ರಾತ್ರಿಯೂ ದೊರಕುವ ಆಂಬುಲೆನ್ಸ್, ಹತ್ತಿರದಲ್ಲಿಯೇ ಒಳ್ಳೆಯ ಆಸ್ಪತ್ರೆ. ಬಸ್ಸು ತಪ್ಪಿ ರೈಲು ತಪ್ಪುವ ಒಂದು ಗಂಟೆಯನ್ನು ಉಳಿಸಿದರೆ, ಅದು ಹಳಿಯ ಮೇಲೆ ವೇಗ ಹೆಚ್ಚಿಸಿ ಗಳಿಸುವ 19 ನಿಮಿಷಕ್ಕಿಂತ ದೊಡ್ಡ ಲಾಭ.

ನಗರದಲ್ಲಿರುವ ನಮ್ಮ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಊರಿನಲ್ಲಿ ತಂದೆತಾಯಿಯರನ್ನು ಬಿಟ್ಟು ಬಂದವರು, ಅವರು ಹತ್ತಬೇಕಾದ ಬಸ್ಸಿನ ವೇಳೆ, ರೈಲಿನ ವೇಳೆಗಳನ್ನು ಒಂದು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕಳುಹಿಸಿರಿ. ಮೈಸೂರಿನವರೆಗಾದರೂ ಎದುರುಗೊಳ್ಳಲು ಬನ್ನಿರಿ. ಅವರ ಮಂಡಿಯ ನೋವು, ಮಂದವಾದ ಕಣ್ಣು, ಇವೇ ಆ ಪಯಣದ ವೇಗದ ಮಿತಿ. ಅವರು ಕೊನೆಯ ಮೆಟ್ಟಿಲು ಇಳಿದು ಗಟ್ಟಿ ನೆಲದ ಮೇಲೆ ಕಾಲಿಡುವವರೆಗೆ ನಾವು ಮುಂದೆ ಓಡುವುದು ತರವಲ್ಲ.