ಜೂನ್ 1ರಂದು ಹುಟ್ಟಿದವರು

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅರವತ್ತು ದಾಟಿದವರ ಮಾರ್ಕ್ಸ್‌ಕಾರ್ಡುಗಳನ್ನು ಒಟ್ಟಿಗಿಟ್ಟು ನೋಡಿದರೆ, ಇಲ್ಲಿನ ತಾಯಂದಿರು ಜೂನ್ 1ರಂದೇ ಹೆರುವ ವ್ರತ ಹಿಡಿದಿದ್ದರೇನೋ ಎನಿಸುತ್ತದೆ. ಸಂಗತಿ ಎಲ್ಲರಿಗೂ ಗೊತ್ತಿದ್ದದ್ದೇ. ಶಾಲೆ ಶುರುವಾಗುವ ಹೊತ್ತಿಗೆ ಅಪ್ಪ ಮಗನನ್ನು ಎಳೆದುಕೊಂಡು ಬರುತ್ತಿದ್ದ. ಮಾಸ್ತರರು ಹುಟ್ಟಿದ ತಾರೀಕು ಕೇಳಿದರೆ "ಮಾರಿಜಾತ್ರೆ ವರ್ಷ, ಗದ್ದೆ ನೆಟ್ಟಿ ಮುಗಿದಿತ್ತು" ಎನ್ನುತ್ತಿದ್ದ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಯಾವ ಜಾತ್ರೆ ಎಂದು ವಿಚಾರಿಸುತ್ತ ಕೂತರೆ ಹೊರಗೆ ಮಳೆಯಲ್ಲಿ ನಿಂತವರ ಗತಿಯೇನು? ಶಾಲೆಗೆ ಸೇರುವ ವಯಸ್ಸು ಸರಿಹೊಂದುವ ಹಾಗೆ ಒಂದು ಇಸವಿ ಹಿಡಿದು, ಅದರ ಮುಂದೆ ಜೂನ್ 1 ಎಂದು ಬರೆದು, ಮಾಸ್ತರರು ಮುಂದಿನ ಹುಡುಗನನ್ನು ಕರೆಯುತ್ತಿದ್ದರು. ಮುಖ್ಯಮಂತ್ರಿಯಾಗಿದ್ದ ಸಿದ್ದಾಪುರ ದೊಡ್ಮನೆಯ ರಾಮಕೃಷ್ಣ ಹೆಗಡೆಯವರದ್ದೇನೋ 1926ರ ಆಗಸ್ಟ್ 29 ಎಂದು ಖಚಿತವಾಗಿದೆ. ಎಲ್ಲರ ಮನೆಯಲ್ಲೂ ಹಾಗೆ ಬರೆದಿಡುವವರು ಇರಲಿಲ್ಲ. ಫಲ ಏನೆಂದರೆ, ಸರ್ಕಾರಿ ನೌಕರಿ ಹಿಡಿದ ಜೂನ್ 1ರವರೆಲ್ಲ ಮೇ 31ಕ್ಕೇ ನಿವೃತ್ತರು. ಹಾರ, ಶಾಲು, ಫಲತಾಂಬೂಲದ ಅಂಗಡಿಗೆ ಅಂದು ಬಂಪರ್ ವ್ಯಾಪಾರ.

ಕಂಪ್ಯೂಟರಿನವರು ಇದಕ್ಕೆ ಡೀಫಾಲ್ಟ್ ಎನ್ನುತ್ತಾರೆ. ಕೇಳಿದ್ದಕ್ಕೆ ಉತ್ತರ ಬರದಿದ್ದರೆ ಆ ಕಾಲಮ್ಮಿನಲ್ಲಿ ಏನು ತುಂಬಬೇಕೆಂದು ಮೊದಲೇ ಗೊತ್ತುಮಾಡಿಟ್ಟ ಬೆಲೆ. ಇದನ್ನು ನನಗೆ ಹೇಳಿಕೊಟ್ಟವನು ಅಣ್ಣನ ಮಗ. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ಊರಿಗೆ ಬಂದು, ನೆಟ್‌ವರ್ಕಿಗಾಗಿ ಸೊಪ್ಪಿನಬೆಟ್ಟ ಹತ್ತಿ ಕೂತ ಹುಡುಗರಲ್ಲಿ ಅವನೂ ಒಬ್ಬ. ಬೆಂಗಳೂರಿನ ಕೆಲಸದ ಸಂದಿನಲ್ಲಿ ಇಲ್ಲಿಯ ಒಂದು ಸಣ್ಣ ಅಡಿಕೆ ಸೊಸೈಟಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡಲು ಒಪ್ಪಿಕೊಂಡ. ಅಲ್ಲಿಂದ ಮುಂದೆ ನಮ್ಮನೆ ಜಗುಲಿಯಲ್ಲಿ ಒಆರ್‌ಎಂ ಎಂಬ ಶಬ್ದ ಕೊಳೆರೋಗದಷ್ಟೇ ಸಲ ಕೇಳತೊಡಗಿತು.

ಒಆರ್‌ಎಂ ಎಂದರೆ ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವೆ ಕೂತ ಗುಮಾಸ್ತ. ಹುಡುಗ ಪೈಥಾನಿನಲ್ಲಿ ಹೇಳಿದ್ದನ್ನು ಎಸ್‌ಕ್ಯೂಎಲ್‌ಗೆ ತಿರುಗಿಸಿ ರಿಜಿಸ್ಟರಿನಲ್ಲಿ ಬರೆಯುವುದು ಅವನ ಕೆಲಸ. "ತಾಲೂಕು ಹೇಳದಿದ್ದರೆ ಶಿರಸಿ ಅಂತ ಬರಿ" ಎಂದು ಅವನ ಕಿವಿಯಲ್ಲಿ ಹೇಳಿಡಬಹುದು, ಅಥವಾ ಅದನ್ನು ರಿಜಿಸ್ಟರಿನ ಹಾಳೆಯ ಮೇಲೇ ಅಚ್ಚು ಹಾಕಿಸಬಹುದು. ಗುಮಾಸ್ತ ಕೂತಿರುವಷ್ಟು ದಿನ ಎರಡೂ ಒಂದೇ. ಬೇರೆ ಯಾರೋ ಎಕ್ಸೆಲ್ ಪಟ್ಟಿ ತಂದು ನೇರವಾಗಿ ಡೇಟಾಬೇಸಿಗೆ ಸುರಿದ ದಿನ ಬಣ್ಣ ಬಯಲಾಗುತ್ತದೆ. ಕಿವಿಯಲ್ಲಿ ಹೇಳಿದ್ದು ಕಿವಿಯಲ್ಲೇ ಉಳಿದಿರುತ್ತದೆ. ಕಾಲಂ ಖಾಲಿ ಬೀಳುತ್ತದೆ, ಇಲ್ಲವೇ ಖಾಲಿ ಬಿಡಕೂಡದೆಂದು ಡೇಟಾಬೇಸು ಗದರುತ್ತದೆ. ಪೈಥಾನಿನವರ ಜಾಂಗೊ ಎಂಬ ಚೌಕಟ್ಟಿನಲ್ಲಿ ಬಹುಕಾಲ ಡೀಫಾಲ್ಟ್ ಇದ್ದದ್ದು ಹೀಗೆ ಕಿವಿಯಲ್ಲೇ. ಹಳೇ ಟೇಬಲಿಗೆ ಹೊಸ ಕಾಲಂ ಸೇರಿಸುವಾಗ ಮಾತ್ರ ಇದ್ದ ಸಾಲುಗಳಿಗೆಲ್ಲ ಆ ಬೆಲೆ ತುಂಬಿ, ಕೆಲಸ ಮುಗಿದೊಡನೆ ಡೇಟಾಬೇಸಿನಿಂದ ಡೀಫಾಲ್ಟನ್ನು ಅಳಿಸಿಬಿಡುತ್ತಿತ್ತು. 2023ರ ಡಿಸೆಂಬರಿನಲ್ಲಿ ಬಂದ 5.0 ಆವೃತ್ತಿಯಲ್ಲಷ್ಟೇ ಅಚ್ಚು ಹಾಕಿಸುವ ದಾರಿ ತೆರೆಯಿತು. ಅದರ ಹೆಸರು ಡಿಬಿ_ಡೀಫಾಲ್ಟ್. ಪೈಥಾನಿನದೇ ಇನ್ನೊಂದು ಒಆರ್‌ಎಂ ಆದ ಎಸ್‌ಕ್ಯೂಎಲ್‌ಆಲ್ಕೆಮಿಯವರು ಈ ಎರಡನ್ನೂ ಮೊದಲಿಂದ ಬೇರೆಬೇರೆ ಹೆಸರಿಟ್ಟೇ ಕರೆದರು. ನನ್ನ ಮತ ಕೇಳಿದರೆ, ಒಬ್ಬರಿಗಿಂತ ಹೆಚ್ಚು ಜನ ಬರೆಯುವ ರಿಜಿಸ್ಟರಿಗೆ ಅಚ್ಚೇ ಒಳ್ಳೆಯದು. ಯಾರೂ ಕೇಳಲಿಲ್ಲ.

ಕಿವಿಯಲ್ಲಿ ಹೇಳುವುದರಲ್ಲೂ ತಪ್ಪುಗಳುಂಟು. ಮಾಲು ಬಂದ ಹೊತ್ತನ್ನು ತಾನಾಗಿ ಬರೆದುಕೊಳ್ಳಲು 'ನೌ' ಎಂಬ ಫಂಕ್ಷನ್ನಿನ ಹೆಸರಷ್ಟೇ ಕೊಡಬೇಕಂತೆ. ಅದರ ಮುಂದೆ ಒಂದು ಜೊತೆ ಕಂಸ ಹಾಕಿದಿರೋ, ಪ್ರೋಗ್ರಾಂ ಶುರುವಾದ ಗಳಿಗೆಯೇ ಡೀಫಾಲ್ಟಾಗಿ ನಿಂತುಬಿಡುತ್ತದೆ. ಸೋಮವಾರ ಬೆಳಗ್ಗೆ ಯಂತ್ರ ಹಚ್ಚಿದರೆ ಶನಿವಾರ ಬಂದ ಚೀಲವೂ ಸೋಮವಾರ ಬೆಳಗ್ಗೆಯೇ ಬಂದದ್ದು! ಮೈಕ್ರೋಸಾಫ್ಟ್‌ನ ಎಂಟಿಟಿ ಫ್ರೇಮ್‌ವರ್ಕಿನದು ಇನ್ನೊಂದು ತಮಾಷೆ. ಧಾರಣೆಯ ಎಸ್ಸೆಮ್ಮೆಸ್ಸು ಬೇಕೋ ಬೇಡವೋ ಎಂಬ ಕಾಲಮ್ಮಿಗೆ 'ಬೇಕು' ಎಂದು ಡೇಟಾಬೇಸಿನಲ್ಲಿ ಡೀಫಾಲ್ಟ್ ಇಟ್ಟಿದ್ದೀರಿ ಎನ್ನಿ. ಸದಸ್ಯ ಬಾಯಿಬಿಟ್ಟು 'ಬೇಡ' ಎಂದರೂ, ಅದನ್ನು ಬಳಸುವ ಭಾಷೆಯಲ್ಲಿ 'ಇಲ್ಲ' ಎನ್ನುವುದಕ್ಕೂ ಏನೂ ಹೇಳದಿರುವುದಕ್ಕೂ ವ್ಯತ್ಯಾಸ ಕಾಣದೆ, ಗುಮಾಸ್ತ 'ಬೇಕು' ಎಂದೇ ಬರೆಯುತ್ತಿದ್ದ. 2023ರ 8ನೆಯ ಆವೃತ್ತಿಯಲ್ಲಿ ಅದನ್ನು ಸರಿಮಾಡಿದರು.

ಹೇಳಿದ್ದಕ್ಕೂ ಹೇಳದ್ದಕ್ಕೂ ಇರುವ ಈ ವ್ಯತ್ಯಾಸ ನಮ್ಮ ಮೂರು ತಾಲೂಕಿನಲ್ಲಿ ತೋಟದ ಬುಡಕ್ಕೇ ಬರುವಂಥದ್ದು. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆಯಿದೆ. ಅದರಲ್ಲಿ ಕೊಳೆರೋಗ ಬಂದ ಅಡಿಕೆ ಕೊನೆ ಸಾಕ್ಷಿಯಲ್ಲ, ಮಳೆಮಾಪಕದ ಅಂಕಿ ಸಾಕ್ಷಿ. ಆಷಾಢದ ಮಳೆಗೆ ಮಾಪಕ ಕೆಟ್ಟು ಮೂಕವಾಯಿತು ಎಂದಿಟ್ಟುಕೊಳ್ಳಿ. ಆ ಕಾಲಂ ಖಾಲಿ ಉಳಿದರೆ 'ಗೊತ್ತಿಲ್ಲ' ಎಂದರ್ಥ. ಯಾರಾದರೂ ಬಂದು ನೋಡಿಯಾರು. ಪುಣ್ಯಾತ್ಮನೊಬ್ಬ ಅಂದಕ್ಕಾಗಿ ಸೊನ್ನೆಯನ್ನು ಡೀಫಾಲ್ಟ್ ಇಟ್ಟಿದ್ದರೆ? ಹೊಳೆ ಉಕ್ಕಿ ಸಂಕ ಮುಳುಗಿದ ದಿನ ದಾಖಲೆಯಲ್ಲಿ ಹನಿ ಮಳೆಯಿಲ್ಲ. ಮೊಬೈಲ್ ನಂಬರಿನ ಜಾಗದಲ್ಲಿ ಹತ್ತು ಸೊನ್ನೆ ಇದ್ದರೆ ಯಾರೂ ಮೋಸಹೋಗುವುದಿಲ್ಲ. ಅರ್ಧ ಸರಿಯಿರುವ ಡೀಫಾಲ್ಟೇ ಅಪಾಯ. ಅಡ್ಡಹೆಸರು ಬಿಟ್ಟವರಿಗೆಲ್ಲ ಹೆಗಡೆ ಎಂದು ತುಂಬಿದರೆ ಎಷ್ಟೋ ಜನಕ್ಕೆ ಹೊಂದಿಯೇ ಬಿಡುತ್ತದೆ. ಉಳಿದ ಭಟ್ಟರು, ನಾಯ್ಕರು, ಯಲ್ಲಾಪುರದ ಸಿದ್ದಿಗಳು ಸಾಲ ಕೇಳಲು ಬಂದಾಗಲೇ ತಾವು ಹೆಗಡೆಗಳಾದದ್ದು ತಿಳಿಯುವುದು.

ಕೊನೆಗೆ ಸೊಸೈಟಿಯಲ್ಲಿ ಜಗಳ ಹತ್ತಿದ್ದು ಅಡಿಕೆಯ ನಮೂನೆಗೆ. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಸೂಚಕ ಸಿಕ್ಕಾಗ ಅದರ ವ್ಯಾಪ್ತಿಗೆ ಬಂದದ್ದು ಈ ಮೂರೇ ತಾಲೂಕು. ಆದರೆ ಮೂರೂ ಕಡೆ ಮಾಲು ಒಂದೇ ಥರದ್ದೇ? ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ರಾಶಿ. ಗೋಟಡಿಕೆಯನ್ನು ಸಿಪ್ಪೆಸಮೇತ ತಿಂಗಳುಗಟ್ಟಲೆ ಬಿಸಿಲಿಗೆ ಹಾಕಿ ಸುಲಿದರೆ ಚಾಲಿ. ಇವುಗಳ ಜೊತೆಗೆ ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕ. ಒಂದರ ಧಾರಣೆಗೂ ಇನ್ನೊಂದರದ್ದಕ್ಕೂ ಕ್ವಿಂಟಲಿಗೆ ಸಾವಿರಗಟ್ಟಲೆ ರೂಪಾಯಿ ಅಂತರ. ಚಾಲಿಯನ್ನು ಡೀಫಾಲ್ಟ್ ಮಾಡು ಎಂದರು ಶಿರಸಿ ಕಡೆಯ ಒಬ್ಬರು. ರಾಶಿ ಎಂದು ಪಟ್ಟುಹಿಡಿದರು ಯಲ್ಲಾಪುರದವರು. ಹುಡುಗ ಎರಡೂ ಬೇಡವೆಂದು ಡೀಫಾಲ್ಟನ್ನೇ ಕಿತ್ತುಹಾಕಿದ. ನಮೂನೆ ಆರಿಸದೆ ಪರದೆ ಮುಂದೆ ಸರಿಯುವುದಿಲ್ಲ.

ಈಗ ಸುಗ್ಗಿಯಲ್ಲಿ ಊಟದ ಹೊತ್ತಿಗೆ ಸರಿಯಾಗಿ ಫೋನು. ಆ ಕಡೆಯಿಂದ ಸೊಸೈಟಿಯ ಗುಮಾಸ್ತರು, ಒಆರ್‌ಎಂ ಅಲ್ಲ, ನಿಜವಾದವರು: "ತಮಾ, ಎಂತಾದ್ರೂ ಒಂದು ತುಂಬ್ಸಿಡಾ ಮಾರಾಯಾ, ಇಲ್ಲಿ ಗಾಡಿ ಸಾಲು ನಿಂತಿದ್ದು."