ಪೋಳದೊಳಗೊಂದು ರಾತ್ರಿ

ಬರೋಡದಲ್ಲಿ ನೆಲೆಸಿ ಹದಿನಾರು ವರ್ಷವಾದರೂ ಅಹಮದಾಬಾದಿನಲ್ಲಿ ನಾನು ಒಂದು ರಾತ್ರಿಯೂ ಉಳಿದವನಲ್ಲ. ನೂರು ಕಿಲೋಮೀಟರ್ ಚಿಲ್ಲರೆ ದೂರ. ಬೆಳಿಗ್ಗೆ ರೈಲು ಹತ್ತಿದರೆ ರಾತ್ರಿ ಊಟಕ್ಕೆ ಮನೆ. ಅಂಥವನು ಹೋಟೆಲು ಹುಡುಕಿದ್ದು ಅಮ್ಮನ ಸಲುವಾಗಿ. ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ಅವಳಿಗೆ ಮಂಡಿನೋವು. ಸಾಬರಮತಿ ಆಶ್ರಮ, ಸಿದಿ ಸೈಯದ್ ಮಸೀದಿಯ ಕಲ್ಲಿನ ಜಾಲಂಧ್ರ ಎಲ್ಲ ಒಂದೇ ದಿನಕ್ಕೆ ಮುಗಿಯುವ ಮಾತಲ್ಲ.

'ಬುಟೀಕ್ ಹೋಟೆಲ್' ಎಂಬ ಹೆಸರಿಗೆ ಹೆದರಬೇಡಿ. ಖಾಡಿಯಾದ ಒಂದು ಪೋಳದಲ್ಲಿ, ಆಟೋ ನುಗ್ಗದ ಗಲ್ಲಿಯ ಕೊನೆಗೆ, ಐದೇ ಕೋಣೆಯ ಹಳೇ ಮನೆ ಅದು. ಪೋಳ ಅಂದರೆ ಒಂದು ಹೆಬ್ಬಾಗಿಲಿನ ಹಿಂದೆ ಗೋಡೆಗೆ ಗೋಡೆ ಆತುಕೊಂಡ ಮನೆಗಳ ಕೇರಿ. ಹಿಂದೆ ರಾತ್ರಿಯಾದರೆ ಆ ಬಾಗಿಲು ಹಾಕುತ್ತಿದ್ದರಂತೆ. ಹಿಂದಿಯವರು ಇದನ್ನು 'ಪೋಲ್' ಅನ್ನುತ್ತಾರೆ. ಗುಜರಾತಿಗಳದು ಅಪ್ಪಟ ಳಕಾರ. ಈ ಒಂದು ಅಕ್ಷರದಲ್ಲಿ ಅವರು ನಮಗೆ ನೆಂಟರು.

ಜಗಲಿಯ ಮೇಲೇ (ಅವರು 'ಓಟಲೊ' ಅನ್ನುತ್ತಾರೆ) ಮನೆಯ ಸೊಸೆ ಎದುರಾದಳು. "ಆವೋ ಬಾ, ಬೇಸೋ ಬಾ" ಅಂದಳು. ಅಮ್ಮ ನನ್ನ ಕಡೆ ತಿರುಗಿ, "ಅಲ್ಲೋ, ಈ ಹುಡುಗಿ ನನ್ನನ್ನ ಏಕವಚನದಲ್ಲಿ ಕರೀತಾಳಲ್ಲೋ!" ಗುಜರಾತಿಯಲ್ಲಿ ಬಾ ಅಂದರೆ ತಾಯಿ ಎಂದು ಬಿಡಿಸಿ ಹೇಳಿದ ಮೇಲೆ ಮುಖ ಅರಳಿತು.

ಅಮ್ಮನಿಗೆ ಕೆಳಗಿನ ಕೋಣೆ ಕೊಟ್ಟರು, ನನಗೆ ಅಟ್ಟ. ಮೆಟ್ಟಿಲೋ, ಏಣಿಯೋ ಹೇಳುವಂತಿಲ್ಲ. ಹಿಡಿದು ಹತ್ತಲು ಮೇಲಿಂದ ಹಗ್ಗ ಇಳಿಬಿಟ್ಟಿದ್ದಾರೆ. ಬಾಗಿಲವಾಡ ತಲೆಗೆ ಎರಡು ಸಲ ಬಡಿಯಿತು. ಬಚ್ಚಲು ಹಿಂದೆ ಪಾತ್ರೆ ಇಡುವ ಕೋಣೆಯಾಗಿತ್ತಂತೆ, ನಲ್ಲಿಯ ಮೇಲೆ ಇನ್ನೂ ಕಪಾಟುಗಳಿವೆ.

ಮಾಣೆಕ್ ಚೌಕದಲ್ಲಿ ರಾತ್ರಿ ತಿಂಡಿ ಅಂಗಡಿಗಳ ಜಾತ್ರೆ ನೋಡಿಬರೋಣವೆಂದರೆ ಅಮ್ಮ ಏಳಲೊಲ್ಲಳು. ಮನೆಯ ನಡುವಿನ ಚೋಕಿನಲ್ಲೇ, ನಮ್ಮ ತೊಟ್ಟಿಯಂಥ ಅಂಗಳದಲ್ಲಿ, ತೇಗದ ಕಂಬಕ್ಕೊರಗಿ ಕೂತುಬಿಟ್ಟಳು. ಸೊಸೆ ನೆಲದ ಒಂದು ಮುಚ್ಚಳ ಎತ್ತಿ ತೋರಿಸಿದಳು. ಕೆಳಗೆ ಟಾಂಕು, ಮಾಡಿನ ಮಳೆನೀರು ಕೊಳವೆಯಲ್ಲಿ ಇಳಿದು ಆ ಕತ್ತಲೆಯಲ್ಲಿ ವರ್ಷಪೂರ್ತಿ ನಿಲ್ಲುತ್ತಿತ್ತಂತೆ. "ನಮ್ಮಲ್ಲಿ ಮಳೆ ಯಾವಾಗ ಬಿಡತ್ತೋ ಅಂತ ಕಾಯ್ತೀವಿ. ಇವರು ಹಿಡಿದು ಬೀಗ ಹಾಕಿಡ್ತಾರೆ" ಅಂದಳು ಅಮ್ಮ.

ಅವಳ ಮನಸ್ಸಿನಲ್ಲಿದ್ದದ್ದು ಬೇರೆ. ಊರಿನ ತೊಟ್ಟಿಮನೆ ಕೆಡವಿ ಆರ್‌ಸಿಸಿ ಕಟ್ಟಬೇಕೆಂದು ತಮ್ಮ ಪಟ್ಟು ಹಿಡಿದಿದ್ದ. ಖಾತೆ ಅಮ್ಮನ ಹೆಸರಲ್ಲಿದೆ, ರುಜು ಬೇಕು. ಅವನದೂ ತಪ್ಪಲ್ಲ; ಹಂಚು ಕೈಯಾಡಿಸುವ ಆಳುಗಳು ಈಗ ಸಿಗುತ್ತಿಲ್ಲ. ವರ್ಷಕ್ಕೊಮ್ಮೆ ಹೋಗುವ ನಾನು ಯಾವ ಬಾಯಲ್ಲಿ ಬೇಡವೆನ್ನಲಿ?

ಈ ಮನೆಯ ಕಥೆಯೂ ಅದೇ ಆಗಬೇಕಿತ್ತು. ಅಣ್ಣತಮ್ಮಂದಿರೆಲ್ಲ ನದಿಯಾಚೆ ಫ್ಲ್ಯಾಟು ಹಿಡಿದರು. 2001ರ ಜನವರಿ 26ರ ಭೂಕಂಪದಲ್ಲಿ ಊರಿನ ಎಷ್ಟೋ ಹೊಸ ಬಹುಮಹಡಿ ಕಟ್ಟಡಗಳು ಕುಸಿದಾಗ ಇದು ನಿಂತಿತಂತೆ; ಇಟ್ಟಿಗೆ ಗೋಡೆಯೊಳಗೆಲ್ಲ ಮರದ ಕಟ್ಟು. ಆದರೂ ಖಾಲಿ ಬಿದ್ದಿತ್ತು. 2017ರಲ್ಲಿ ಯುನೆಸ್ಕೊ ಕೋಟೆಯೊಳಗಿನ ಹಳೇ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಧೈರ್ಯ ಮಾಡಿ ದುರಸ್ತಿಗೆ ಕೈಹಾಕಿದರು. ಹೀಗೆ ಪಾರಂಪರಿಕ ಮನೆ ಉಳಿಸಿಕೊಂಡವರು ಅಲ್ಲಿ ಕಟ್ಟದೆ ಬಿಟ್ಟ ಮಹಡಿಗಳ ಹಕ್ಕನ್ನು ಬೇರೆಡೆ ಕಟ್ಟುವವರಿಗೆ ಮಾರುವ ವ್ಯವಸ್ಥೆಯೂ ಈ ಊರಲ್ಲಿದೆ. ಭಾವನೆಯೊಂದರಿಂದ ಮಾಡು ನಿಲ್ಲುವುದಿಲ್ಲವೆಂಬುದು ಗುಜರಾತಿಗಳಿಗೆ ಚೆನ್ನಾಗಿ ಗೊತ್ತು.

"ಮಾವ ತೀರಿಕೊಂಡ ಕೋಣೇಲಿ ಯಾರ್‍ಯಾರೋ ಬಂದು ಮಲಗಿದ್ರೆ ಏನೂ ಅನ್ಸಲ್ವಾ, ಕೇಳು" ಅಂದಳು ಅಮ್ಮ. ನಾನು ಹಿಂಜರಿಯುತ್ತ ಹಿಂದಿಯಲ್ಲಿ ಕೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಮೊದಲ ತಿಂಗಳು ನಿದ್ದೆ ಬರಲಿಲ್ಲ. ಈಗ ಯಾರೂ ಬರದ ದಿನ ಬರೋದಿಲ್ಲ. ಅಡಿಗೆಮನೆ, ದೇವರ ಕೋಣೆ ಮಾತ್ರ ಯಾರಿಗೂ ಕೊಟ್ಟಿಲ್ಲ."

ಅಮ್ಮ ಆಮೇಲೆ ಮಾತಾಡಲಿಲ್ಲ. ಬೆಳಿಗ್ಗೆ ಹೊರಡುವಾಗ ಆ ಹುಡುಗಿಯ ಕೈಹಿಡಿದು ಕನ್ನಡದಲ್ಲೇ, "ನಮ್ಮನೆಗೂ ಬಾ" ಅಂದಳು. ಆಕೆಗೆ ಎಷ್ಟು ತಿಳಿಯಿತೋ, ಬಗ್ಗಿ ಕಾಲು ಮುಟ್ಟಿದಳು. ರೈಲು ಆಣಂದ ದಾಟಿದ ಮೇಲೆ ಅಮ್ಮ ಬಾಯಿಬಿಟ್ಟಳು: "ತಮ್ಮಂಗೆ ಫೋನು ಹಚ್ಚು. ಹಂಚೆಲ್ಲ ತೆಗೆಸಿ ಮಾಡು ರಿಪೇರಿ ಮಾಡ್ಸಿದ್ರೆ ಎಷ್ಟಾಗತ್ತೆ ಅಂತ ಮೊದ್ಲು ಲೆಕ್ಕ ಹಾಕ್ಸು ಅನ್ನು. ಅರ್ಧ ನೀನು ಕೊಡ್ತೀಯ ಅಂತಾನೂ ಹೇಳು."